ವ್ಯಾಪಾರದ ಹೆಸರು: ಪರವಾನಗಿ ಬೇರೆ, ಒಡೆತನ ಬೇರೆ

ಹೊಸ ಅಂಗಡಿಯನ್ನಾಗಲಿ, ಸಣ್ಣ ಕಾರ್ಖಾನೆಯನ್ನಾಗಲಿ ಆರಂಭಿಸುವಾಗ ನಮ್ಮ ವರ್ತಕ ಬಾಂಧವರು ಹೆಸರಿನ ಬಗ್ಗೆ ಸಾಕಷ್ಟು ಯೋಚಿಸುತ್ತಾರೆ. ಮನೆದೇವರ ಹೆಸರು, ತಂದೆ-ತಾಯಿಯರ ಹೆಸರು, ಮಕ್ಕಳ ಹೆಸರು, ಊರಿನ ಹೆಸರು ಇವುಗಳಲ್ಲಿ ಒಂದನ್ನು ಆರಿಸಿ, ಹಿರಿಯರನ್ನು ಕೇಳಿ, ಒಳ್ಳೆಯ ದಿನ ನೋಡಿ ನಾಮಫಲಕ ಏರಿಸುತ್ತಾರೆ. ಆದರೆ ಆ ಹೆಸರು ಕಾನೂನಿನ ದೃಷ್ಟಿಯಲ್ಲಿ ತಮ್ಮದಾಗಿದೆಯೇ ಎಂಬ ಪ್ರಶ್ನೆ ಬಹುತೇಕರ ಮನಸ್ಸಿನಲ್ಲಿ ಏಳುವುದು ವಕೀಲರ ನೋಟಿಸು ಕೈಸೇರಿದ ದಿನವೇ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಇಂತಹ ಒಂದು ನೋಟಿಸನ್ನು ಹಿಡಿದುಕೊಂಡು ಕಚೇರಿಗೆ ಬಂದರು. ತಾಲ್ಲೂಕು ಕೇಂದ್ರವೊಂದರಲ್ಲಿ ಸಾಂಬಾರು ಪುಡಿ, ಚಟ್ನಿ ಪುಡಿ ತಯಾರಿಸುವ ಘಟಕ ಅವರದು. 1998ರಲ್ಲಿ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಆರಂಭವಾದ ಉದ್ದಿಮೆ ಕ್ರಮೇಣ ಮೂರು ಜಿಲ್ಲೆಗಳ ಕಿರಾಣಿ ಅಂಗಡಿಗಳಿಗೆ ಮಾಲು ಪೂರೈಸುವಷ್ಟು ಬೆಳೆದಿತ್ತು. ನೋಟಿಸು ಕಳುಹಿಸಿದವರು ಬೇರೊಂದು ಜಿಲ್ಲೆಯ ತಯಾರಕರು. ಅದೇ ಹೆಸರನ್ನು ತಾವು 2006ರಿಂದ ಬಳಸುತ್ತಿರುವುದಾಗಿಯೂ, ಅದು ತಮ್ಮ ನೋಂದಾಯಿತ ಟ್ರೇಡ್‌ಮಾರ್ಕ್ ಆಗಿರುವುದಾಗಿಯೂ, ಹದಿನೈದು ದಿನಗಳೊಳಗೆ ಬಳಕೆ ನಿಲ್ಲಿಸದಿದ್ದರೆ ದಾವೆ ಹೂಡುವುದಾಗಿಯೂ ಅದರಲ್ಲಿ ತಿಳಿಸಲಾಗಿತ್ತು.

ನನ್ನ ಕಕ್ಷಿದಾರರು ದಪ್ಪನೆಯ ಕಡತವೊಂದನ್ನು ಮೇಜಿನ ಮೇಲಿಟ್ಟು, "ಸಾರ್, ಇಷ್ಟು ವರ್ಷದಿಂದ ಎಲ್ಲ ಲೈಸೆನ್ಸೂ ನೀವೇ ಮಾಡಿಸಿಕೊಟ್ಟಿದ್ದೀರಿ. ನಮ್ಮ ಹೆಸರು ರಿಜಿಸ್ಟರ್ ಆಗಿದೆಯಲ್ಲ?" ಎಂದರು. ಕಡತದಲ್ಲಿ ಅಂಗಡಿ ಕಾಯ್ದೆಯ ಪ್ರಮಾಣಪತ್ರ, ಪುರಸಭೆಯ ಪರವಾನಗಿ, ಹಳೆಯ ಮಾರಾಟ ತೆರಿಗೆ ನೋಂದಣಿ, ಜಿಎಸ್‌ಟಿ ಪ್ರಮಾಣಪತ್ರ, ಆಹಾರ ಸುರಕ್ಷತಾ ಪರವಾನಗಿ, ಉದ್ಯಮ್ ಪ್ರಮಾಣಪತ್ರ ಎಲ್ಲವೂ ಇದ್ದವು. ಆ ಹೆಸರಿನ ಮೇಲೆ ಅವರಿಗೆ ಹಕ್ಕು ಕೊಡುವ ಕಾಗದ ಮಾತ್ರ ಒಂದೂ ಇರಲಿಲ್ಲ. ಇದರಲ್ಲಿ ಅವರ ತಪ್ಪಿಗಿಂತ ನನ್ನ ತಪ್ಪೇ ಹೆಚ್ಚಿನದು ಎಂಬುದನ್ನು ಒಪ್ಪಿಕೊಂಡೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿರುವ ಸದಸ್ಯರು ನಮ್ಮಲ್ಲಿ ಅನೇಕರಿದ್ದಾರೆ.

ಯಾವ ನೋಂದಣಿಯಿಂದ ಏನು ದೊರೆಯುತ್ತದೆ?

ಪ್ರತಿಯೊಂದು ಕಾಯ್ದೆಗೂ ತನ್ನದೇ ಆದ ಉದ್ದೇಶವಿದೆ. ಹೆಸರನ್ನು ಬರೆದುಕೊಳ್ಳುವುದು ಒಂದು ಕೆಲಸ, ಹೆಸರಿನ ಒಡೆತನವನ್ನು ಮಾನ್ಯ ಮಾಡುವುದು ಮತ್ತೊಂದು ಕೆಲಸ. ಈ ಕೆಳಗಿನ ನೋಂದಣಿಗಳು ಮೊದಲನೆಯದನ್ನು ಮಾತ್ರ ಮಾಡುತ್ತವೆ.

1. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961: ಇದು ಕೆಲಸಗಾರರ ವೇಳೆ, ರಜೆ ಮುಂತಾದವುಗಳಿಗೆ ಸಂಬಂಧಿಸಿದ ಕಾನೂನು. ಇದೇ ಹೆಸರಿನ ಮತ್ತೊಂದು ಅಂಗಡಿ ಪಕ್ಕದ ಬೀದಿಯಲ್ಲಿದೆಯೇ ಎಂದು ಇಲ್ಲಿ ಪರಿಶೀಲಿಸುವುದಿಲ್ಲ.

2. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ: ಆ ಸ್ಥಳದಲ್ಲಿ ಆ ವ್ಯಾಪಾರವನ್ನು ನಡೆಸಲು ನೀಡುವ ಅನುಮತಿ.

3. ಜಿಎಸ್‌ಟಿ ನೋಂದಣಿ: ಪ್ರಮಾಣಪತ್ರದಲ್ಲಿ ಎರಡು ಹೆಸರುಗಳಿರುತ್ತವೆ. ಒಂದು, ಪ್ಯಾನ್‌ನಲ್ಲಿ ಇರುವ ಕಾನೂನುಬದ್ಧ ಹೆಸರು. ಇನ್ನೊಂದು, ವ್ಯಾಪಾರದ ಹೆಸರು. ಎರಡನೆಯದು ತಾವೇ ಘೋಷಿಸಿದ ಹೆಸರು. ಒಂದೇ ವ್ಯಾಪಾರದ ಹೆಸರಿನಲ್ಲಿ ಎಷ್ಟು ಜನ ಬೇಕಾದರೂ ನೋಂದಣಿ ಪಡೆಯಬಹುದು.

4. ಉದ್ಯಮ್ ನೋಂದಣಿ: 1-7-2020ರಿಂದ ಜಾರಿಯಲ್ಲಿರುವ ಈ ನೋಂದಣಿ ಉಚಿತ ಹಾಗೂ ಸ್ವಯಂ ಘೋಷಣೆಯನ್ನು ಆಧರಿಸಿದ್ದು. ಸಾಲ, ಬಾಕಿ ವಸೂಲಿ ಮುಂತಾದ ವಿಷಯಗಳಲ್ಲಿ ಬಹಳ ಉಪಯುಕ್ತ. ಹೆಸರಿಗೆ ರಕ್ಷಣೆ ಕೊಡುವುದಿಲ್ಲ. ಆದರೆ ಟ್ರೇಡ್‌ಮಾರ್ಕ್ ಶುಲ್ಕದಲ್ಲಿ ರಿಯಾಯಿತಿ ಪಡೆಯಲು ಇದು ನೆರವಾಗುತ್ತದೆ.

5. ಪಾಲುದಾರಿಕೆ ಸಂಸ್ಥೆಯ ನೋಂದಣಿ: ಭಾರತೀಯ ಪಾಲುದಾರಿಕೆ ಕಾಯ್ದೆ, 1932ರ ಪ್ರಕಾರ ಸಂಸ್ಥೆಯನ್ನು ನೋಂದಾಯಿಸದಿದ್ದರೆ, ಕಲಂ 69ರಂತೆ ಒಪ್ಪಂದದ ಹಕ್ಕುಗಳಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲು ಬರುವುದಿಲ್ಲ. ಆದ್ದರಿಂದ ಈ ನೋಂದಣಿ ಅವಶ್ಯ. ಆದರೆ ಇದರಿಂದ ಸಂಸ್ಥೆಯ ಹೆಸರು ಇತರರಿಗೆ ನಿಷಿದ್ಧವಾಗುವುದಿಲ್ಲ.

ಬ್ಯಾಂಕಿನಲ್ಲಿ ವ್ಯಾಪಾರದ ಹೆಸರಿನಲ್ಲಿ ಚಾಲ್ತಿ ಖಾತೆ ಇದೆ ಎಂಬುದೂ ಒಡೆತನಕ್ಕೆ ಆಧಾರವಲ್ಲ. ಇವೆಲ್ಲವೂ ವ್ಯರ್ಥವೆಂದು ಇದರ ಅರ್ಥವಲ್ಲ. ಆ ಹೆಸರನ್ನು ಎಂದಿನಿಂದ ಬಳಸುತ್ತಿದ್ದೀರಿ ಎಂಬುದಕ್ಕೆ ಇವು ಪುರಾವೆಗಳಾಗುತ್ತವೆ. ಅದರ ಮಹತ್ವವನ್ನು ಮುಂದೆ ನೋಡೋಣ.

ಕಂಪನಿಯ ಹೆಸರು ದೊರೆತರೆ ಸಾಲದೇ?

ಪ್ರೈವೇಟ್ ಲಿಮಿಟೆಡ್ ಕಂಪನಿ ಸ್ಥಾಪಿಸುವವರಲ್ಲಿ ಈ ಭ್ರಮೆ ಇನ್ನೂ ಹೆಚ್ಚು. ಕಂಪನಿಗಳ ಕಾಯ್ದೆ, 2013ರ ಕಲಂ 4ರ ಪ್ರಕಾರ ಈಗಾಗಲೇ ಇರುವ ಕಂಪನಿಯ ಹೆಸರಿಗೆ ತೀರಾ ಹತ್ತಿರವಾದ ಹೆಸರನ್ನು ಕೊಡುವುದಿಲ್ಲ. ಈ ಮಟ್ಟಿಗೆ ರಕ್ಷಣೆ ಉಂಟು. ಆದರೆ ಅದು ಕಂಪನಿಗಳ ಪಟ್ಟಿಗೆ ಸಂಬಂಧಿಸಿದ ರಕ್ಷಣೆ. ಕಂಪನಿಯಲ್ಲದ ಒಬ್ಬ ಸಣ್ಣ ವ್ಯಾಪಾರಿ ಅದೇ ಹೆಸರನ್ನು ತನ್ನ ಪೊಟ್ಟಣದ ಮೇಲೆ ಮುದ್ರಿಸಿದರೆ ಕಂಪನಿಗಳ ರಿಜಿಸ್ಟ್ರಾರರು ಅದನ್ನು ತಡೆಯುವುದಿಲ್ಲ.

ಅಷ್ಟೇ ಅಲ್ಲ, ಕಂಪನಿಗೆ ದೊರೆತ ಹೆಸರು ಕೈತಪ್ಪಲೂಬಹುದು. ಆ ಹೆಸರು ತಮ್ಮ ನೋಂದಾಯಿತ ಟ್ರೇಡ್‌ಮಾರ್ಕನ್ನು ಹೋಲುತ್ತದೆ ಎಂದು ಅದರ ಒಡೆಯರು ಕಂಪನಿ ಸ್ಥಾಪನೆಯಾದ 3 ವರ್ಷಗಳೊಳಗೆ ಕಲಂ 16ರಡಿ ಅರ್ಜಿ ಸಲ್ಲಿಸಿ, ಅದು ಪುರಸ್ಕೃತವಾದರೆ, ಆದೇಶ ಬಂದ 3 ತಿಂಗಳೊಳಗೆ ಹೆಸರನ್ನು ಬದಲಿಸಬೇಕಾಗುತ್ತದೆ. ಫಲಕ, ಲೆಟರ್‌ಹೆಡ್, ಪೊಟ್ಟಣ, ಬ್ಯಾಂಕ್ ಖಾತೆ, ಪ್ಯಾನ್, ಜಿಎಸ್‌ಟಿ ಎಲ್ಲವನ್ನೂ ತಿದ್ದಿಸುವ ಖರ್ಚು ಮತ್ತು ಅಲೆದಾಟ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಒಡೆತನ ಬರುವುದು ಎಲ್ಲಿಂದ?

ಹೆಸರಿನ ಮೇಲಿನ ಹಕ್ಕು ಎರಡು ಮೂಲಗಳಿಂದ ಬರುತ್ತದೆ. ಮೊದಲನೆಯದು ಟ್ರೇಡ್‌ಮಾರ್ಕ್ ಕಾಯ್ದೆ, 1999ರ ಪ್ರಕಾರ ಮಾಡಿಸಿಕೊಳ್ಳುವ ನೋಂದಣಿ. ಈ ಕಾಯ್ದೆ 15-9-2003ರಿಂದ ಜಾರಿಯಲ್ಲಿದೆ. ನೋಂದಣಿಯಾದ ಹೆಸರನ್ನು ಅದೇ ಬಗೆಯ ಸರಕಿಗೆ ಇನ್ನೊಬ್ಬರು ಬಳಸಿದರೆ, ಅಥವಾ ಅದೇ ಬಗೆಯ ವ್ಯವಹಾರ ನಡೆಸುವ ತಮ್ಮ ಅಂಗಡಿಗೋ ಸಂಸ್ಥೆಗೋ ಇಟ್ಟುಕೊಂಡರೆ, ಕಲಂ 29ರಂತೆ ಅದು ಉಲ್ಲಂಘನೆಯಾಗುತ್ತದೆ. ನೋಂದಣಿಯ ಹಕ್ಕು ಇಡೀ ದೇಶಕ್ಕೆ ಅನ್ವಯಿಸುತ್ತದೆ.

ಎರಡನೆಯದು ನಿರಂತರ ಬಳಕೆಯಿಂದ ಹೆಸರಿಗೆ ಬರುವ ಪ್ರತಿಷ್ಠೆ. ನೋಂದಣಿಯಿಲ್ಲದಿದ್ದರೂ, ಒಬ್ಬರು ತಮ್ಮ ಸರಕನ್ನು ನಿಮ್ಮದೆಂದು ಗ್ರಾಹಕರು ನಂಬುವಂತೆ ಮಾರಿದರೆ ಅದನ್ನು ತಡೆಯುವ ಹಕ್ಕು ನಿಮಗಿದೆ. ನ್ಯಾಯಾಲಯಗಳಲ್ಲಿ ಇದಕ್ಕೆ ಪಾಸಿಂಗ್ ಆಫ್ ಎನ್ನುತ್ತಾರೆ. ಕಲಂ 27 ಈ ಹಕ್ಕನ್ನು ಉಳಿಸಿದೆ. ಆದರೆ ಇಲ್ಲಿ ನಿಮ್ಮ ಹೆಸರಿಗೆ ಪ್ರತಿಷ್ಠೆ ಇದೆ, ಎದುರಾಳಿಯ ನಡವಳಿಕೆಯಿಂದ ಗ್ರಾಹಕರಿಗೆ ಗೊಂದಲವಾಗುತ್ತಿದೆ, ನಿಮಗೆ ನಷ್ಟವಾಗುತ್ತಿದೆ ಎಂಬುದೆಲ್ಲವನ್ನೂ ನೀವೇ ಸಿದ್ಧಪಡಿಸಿ ತೋರಿಸಬೇಕು. ನೋಂದಣಿಯಾಗಿದ್ದರೆ ಪ್ರಮಾಣಪತ್ರವೇ ಮೇಲುನೋಟದ ಸಾಕ್ಷಿಯಾಗುತ್ತದೆ. ವ್ಯತ್ಯಾಸವಿರುವುದು ಇಲ್ಲಿ.

ಮೊದಲು ಬಳಸಿದವರ ಹಕ್ಕು

"ನಾವು ಮೊದಲು ಬಳಸಿದವರು, ಅವರು ಮೊದಲು ನೋಂದಾಯಿಸಿದವರು. ಗೆಲ್ಲುವುದು ಯಾರು?" ಎಂಬುದು ಸಹಜವಾದ ಪ್ರಶ್ನೆ. ಕಲಂ 34ರ ಪ್ರಕಾರ, ನೋಂದಣಿದಾರರ ಬಳಕೆ ಮತ್ತು ನೋಂದಣಿ ಇವೆರಡರಲ್ಲಿ ಯಾವುದು ಮೊದಲೋ ಅದಕ್ಕಿಂತಲೂ ಹಿಂದಿನಿಂದ ನೀವು ಹೆಸರನ್ನು ನಿರಂತರವಾಗಿ ಬಳಸುತ್ತಿದ್ದರೆ, ನಿಮ್ಮ ಬಳಕೆಯನ್ನು ಅವರು ತಡೆಯುವಂತಿಲ್ಲ.

ತಿರುನೆಲ್ವೇಲಿಯ ಪ್ರಸಿದ್ಧ 'ಇರುಟ್ಟುಕಡೈ ಹಲ್ವಾ' ಹೆಸರಿನ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಈ ತತ್ವವನ್ನು ಸ್ಪಷ್ಟಪಡಿಸಿತು. ಆ ಪದಗಳನ್ನೊಳಗೊಂಡ ಹೆಸರಿಗೆ ತಾವೂ ನೋಂದಣಿ ಪಡೆದಿದ್ದೇವೆ ಎಂಬುದು ಎದುರು ಪಕ್ಷದವರ ವಾದವಾಗಿತ್ತು. ನೋಂದಣಿಯಿಂದ ಬರುವ ಹಕ್ಕಿಗಿಂತ ಮೊದಲ ಬಳಕೆದಾರರ ಹಕ್ಕು ಮೇಲು ಎಂದು ನ್ಯಾಯಾಲಯ ಹೇಳಿತು. ತಲೆಮಾರುಗಳಿಂದ ಆ ಹೆಸರಿನಲ್ಲಿ ಹಲ್ವಾ ಮಾರುತ್ತಿದ್ದ ಅಂಗಡಿಯವರ ಹಕ್ಕು ಉಳಿಯಿತು.

ಇದನ್ನು ಓದಿ ಹಳೆಯ ವ್ಯಾಪಾರಿಗಳು ನಿಶ್ಚಿಂತರಾಗುವಂತಿಲ್ಲ. ಮೊದಲು ಬಳಸಿದ್ದೇವೆ ಎಂಬ ಮಾತನ್ನು ರುಜುವಾತುಪಡಿಸಬೇಕು. ನನ್ನ ಕಕ್ಷಿದಾರರು ಎಡವಿದ್ದು ಇಲ್ಲಿಯೇ. ಅವರು 1998ರಿಂದ, ಎದುರಾಳಿ 2006ರಿಂದ. ಕಾನೂನು ಅವರ ಪರವಾಗಿಯೇ ಇತ್ತು. ಆದರೆ 1998ರಿಂದ 2006ರವರೆಗಿನ ಬಿಲ್ಲುಗಳನ್ನು ಕೇಳಿದಾಗ ಅವರು ನನ್ನ ಮುಖ ನೋಡಿದರು. "ತೆರಿಗೆ ನಿರ್ಧರಣೆ ಎಲ್ಲ ಮುಗಿದಿದೆ, ಹಳೆಯ ಪುಸ್ತಕಗಳನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ" ಎಂದು ಹಿಂದೊಮ್ಮೆ ನಾನೇ ಹೇಳಿದ್ದೆ. ಗೋದಾಮು ಖಾಲಿ ಮಾಡುವಾಗ ಎಲ್ಲವನ್ನೂ ರದ್ದಿಗೆ ಹಾಕಿದ್ದರು.

ತೆರಿಗೆ ಕಾನೂನಿನ ಮಟ್ಟಿಗೆ ನನ್ನ ಸಲಹೆ ತಪ್ಪಾಗಿರಲಿಲ್ಲ. ಇಂದಿಗೂ ಜಿಎಸ್‌ಟಿ ಕಾಯ್ದೆಯ ಕಲಂ 36ರ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಿದರೆ ಸಾಕು; ವ್ಯಾಜ್ಯ ಬಾಕಿ ಇದ್ದರೆ ಮಾತ್ರ ಹೆಚ್ಚಿನ ಅವಧಿ. ಆದರೆ ಹೆಸರಿನ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಬಿಲ್ಲು ಮೊಟ್ಟಮೊದಲ ವರ್ಷದ ಬಿಲ್ಲು. ತೆರಿಗೆಯವರಿಗೆ ಬೇಡವಾದ ಕಾಗದವೇ ಟ್ರೇಡ್‌ಮಾರ್ಕ್ ವ್ಯಾಜ್ಯದಲ್ಲಿ ಬೇಕಾಗುವ ಕಾಗದ. ಈ ಅಂಶವನ್ನು ಪ್ರತಿಯೊಬ್ಬ ವರ್ತಕರೂ, ನನ್ನ ವೃತ್ತಿಬಾಂಧವರೂ ಗಮನದಲ್ಲಿಡಬೇಕು.

ಆದ್ದರಿಂದ 'ಹೆಸರಿನ ಕಡತ' ಎಂದು ಪ್ರತ್ಯೇಕ ಕಡತವೊಂದನ್ನು ತೆರೆಯಿರಿ. ಅದನ್ನು ಎಂದಿಗೂ ವಿಲೇವಾರಿ ಮಾಡಬೇಡಿ. ಅದರಲ್ಲಿ ಇರಬೇಕಾದವು:

– ಪ್ರತಿ ವರ್ಷದ ಎರಡು ಮೂರು ಮಾರಾಟ ಬಿಲ್ಲುಗಳು. ಸಾಧ್ಯವಾದರೆ ಬೇರೆ ಬೇರೆ ಊರಿನ ಖರೀದಿದಾರರವು. ಬಿಲ್ಲಿನಲ್ಲಿ ಸಂಸ್ಥೆಯ ಹೆಸರಷ್ಟೇ ಅಲ್ಲದೆ ಸರಕಿನ ಬ್ರ್ಯಾಂಡ್ ಹೆಸರೂ ಇರಬೇಕು.
– ಪೊಟ್ಟಣ, ಲೇಬಲ್, ಚೀಲಗಳ ಮಾದರಿ ಮತ್ತು ಮುದ್ರಣಾಲಯದ ಬಿಲ್ಲು.
– ಪತ್ರಿಕೆಯ ಜಾಹೀರಾತು, ಕ್ಯಾಲೆಂಡರ್, ಜಾತ್ರೆ ಮತ್ತು ವಸ್ತುಪ್ರದರ್ಶನದ ಮಳಿಗೆಯ ರಸೀದಿ.
– ಮಾರಾಟ ತೆರಿಗೆ, ವ್ಯಾಟ್, ಜಿಎಸ್‌ಟಿ ನೋಂದಣಿ ಹಾಗೂ ತೆರಿಗೆ ನಿರ್ಧರಣಾ ಆದೇಶಗಳ ಪ್ರತಿ.
– ವರ್ಷವಾರು ಮಾರಾಟ ಮತ್ತು ಜಾಹೀರಾತು ವೆಚ್ಚದ ಬಗ್ಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ.

ಎಂತಹ ಹೆಸರು ನೋಂದಣಿಗೆ ಯೋಗ್ಯ?

ಸರಕಿನ ಗುಣವನ್ನೋ, ಬಗೆಯನ್ನೋ, ಊರನ್ನೋ ಹೇಳುವ ಪದಗಳಿಗೆ ಕಲಂ 9ರಂತೆ ಸಾಮಾನ್ಯವಾಗಿ ನೋಂದಣಿ ದೊರೆಯುವುದಿಲ್ಲ. 'ಶುದ್ಧ ತುಪ್ಪ', 'ರುಚಿಯಾದ ಉಪ್ಪಿನಕಾಯಿ' ಇವು ಎಲ್ಲ ವ್ಯಾಪಾರಿಗಳಿಗೂ ಬೇಕಾದ ಮಾತುಗಳು. ದೀರ್ಘ ಬಳಕೆಯಿಂದ ಇಂತಹ ಪದವೂ ಒಬ್ಬರದೇ ಗುರುತಾಗಿ ಬೆಳೆದಿದ್ದರೆ ವಿನಾಯಿತಿ ಉಂಟು. ಆದರೆ ಅದನ್ನು ಸಿದ್ಧಪಡಿಸುವುದು ಸುಲಭವಲ್ಲ.

ಊರಿನ ಹೆಸರಿನ ಬಗ್ಗೆ ಇನ್ನೊಂದು ಎಚ್ಚರಿಕೆ. ಧಾರವಾಡ ಪೇಡಾ, ಮೈಸೂರು ರೇಷ್ಮೆ, ಇಳಕಲ್ ಸೀರೆ, ಬ್ಯಾಡಗಿ ಮೆಣಸಿನಕಾಯಿ, ಚನ್ನಪಟ್ಟಣದ ಆಟಿಕೆ ಇವು ಭೌಗೋಳಿಕ ಸೂಚಕಗಳಾಗಿ ಪ್ರತ್ಯೇಕ ಕಾಯ್ದೆಯಡಿ ನೋಂದಣಿಯಾಗಿವೆ. ಇಂತಹ ಹೆಸರನ್ನು ಯಾವೊಬ್ಬ ವ್ಯಾಪಾರಿಯೂ ತನ್ನ ಸ್ವಂತ ಟ್ರೇಡ್‌ಮಾರ್ಕ್ ಎಂದು ಹೇಳಿಕೊಳ್ಳುವಂತಿಲ್ಲ.

ದೇವರ ಹೆಸರು, ಪುರಾಣದ ಹೆಸರುಗಳನ್ನು ಇಡುವುದು ನಮ್ಮ ವಾಡಿಕೆ. ನಿಷೇಧವಿಲ್ಲ, ಆದರೆ ಅವುಗಳ ಮೇಲೆ ಸಿಗುವ ಹಿಡಿತ ಸಡಿಲವಾಗಿರುತ್ತದೆ. ಬೆಂಗಳೂರಿನ 'ನಂದಿನಿ ಡಿಲಕ್ಸ್' ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ 'ನಂದಿನಿ' ಹೆಸರನ್ನು ಬಳಸುತ್ತಿದೆ. ಹೋಟೆಲ್ ಸಂಸ್ಥೆ 1989ರಿಂದ ಹೆಚ್ಚುಕಡಿಮೆ ಅದೇ ಹೆಸರನ್ನು ಬಳಸುತ್ತಿತ್ತು. ಆಹಾರ ಪದಾರ್ಥಗಳಿಗೆ ನೋಂದಣಿ ಕೋರಿದಾಗ ಮಹಾಮಂಡಳ ವಿರೋಧಿಸಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 26-7-2018ರಂದು ತೀರ್ಪು ಹೊರಬಿತ್ತು. ನಂದಿನಿ ಎಂಬುದು ಪುರಾಣದಲ್ಲಿರುವ ಹೆಸರು, ಯಾರೂ ಹೊಸದಾಗಿ ಸೃಷ್ಟಿಸಿದ ಪದವಲ್ಲ. ಎರಡೂ ಚಿಹ್ನೆಗಳ ನೋಟ ಬೇರೆ, ಸರಕುಗಳೂ ಬೇರೆ ಎಂದು ಹೇಳಿ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರತುಪಡಿಸಿ ಹೋಟೆಲ್ ಸಂಸ್ಥೆಯ ನೋಂದಣಿಯನ್ನು ನ್ಯಾಯಾಲಯ ಒಪ್ಪಿತು.

ಸರಕು ಬೇರೆಯಾದರೆ ಯಾವ ಹೆಸರನ್ನಾದರೂ ಇಡಬಹುದು ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಬೆಂಗಳೂರಿನ ಊದುಬತ್ತಿ ತಯಾರಕರೊಬ್ಬರು 'ಈನಾಡು' ಎಂಬ ಹೆಸರನ್ನು ತಮ್ಮ ಊದುಬತ್ತಿಗೆ ಬಳಸಿದ್ದರು. ಅದೇ ಹೆಸರಿನ ತೆಲುಗು ದಿನಪತ್ರಿಕೆಯವರು ದಾವೆ ಹೂಡಿದರು. ಪತ್ರಿಕೆಗೂ ಊದುಬತ್ತಿಗೂ ಏನು ಸಂಬಂಧ ಎಂಬ ವಾದ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಆಂಧ್ರಪ್ರದೇಶದಲ್ಲಿ ಆ ಪದ ಕೇಳಿದೊಡನೆ ಜನರಿಗೆ ನೆನಪಾಗುವುದು ಪತ್ರಿಕೆಯೇ, ಆ ಖ್ಯಾತಿಯ ಲಾಭ ಪಡೆಯುವುದು ಸರಿಯಲ್ಲ ಎಂಬುದು ತೀರ್ಪಿನ ಸಾರಾಂಶ.

ಕಾಗುಣಿತ ಬದಲಿಸಿದರೆ ಪಾರಾಗಬಹುದೆಂಬ ಎಣಿಕೆಯೂ ತಪ್ಪು. 'ಅಮೃತಧಾರಾ' ಮತ್ತು 'ಲಕ್ಷ್ಮಣಧಾರಾ' ಎಂಬ ಎರಡು ಔಷಧಿಗಳ ಹೆಸರುಗಳು ಗ್ರಾಹಕರನ್ನು ಗೊಂದಲಕ್ಕೀಡುಮಾಡುವಷ್ಟು ಹೋಲುತ್ತವೆ ಎಂದು ಸರ್ವೋಚ್ಚ ನ್ಯಾಯಾಲಯ 1962ರಷ್ಟು ಹಿಂದೆಯೇ ಹೇಳಿದೆ. ಪದವನ್ನು ಒಡೆದು ಅರ್ಥ ಹುಡುಕುವ ಪಂಡಿತರ ದೃಷ್ಟಿಯಿಂದ ಅಲ್ಲ, ಅಂಗಡಿಯಲ್ಲಿ ಅರ್ಧಂಬರ್ಧ ನೆನಪಿನಿಂದ ಮಾಲು ಕೇಳುವ ಸಾಮಾನ್ಯ ಗ್ರಾಹಕರ ದೃಷ್ಟಿಯಿಂದ ಹೆಸರನ್ನು ತೂಗಿ ನೋಡಬೇಕು. ಅದೇ ಪ್ರಕರಣದಲ್ಲಿ ಇನ್ನೊಂದು ಪಾಠವೂ ಇದೆ. ಅಮೃತಧಾರಾದವರು ಗೊತ್ತಿದ್ದೂ ಬಹುಕಾಲ ಸುಮ್ಮನಿದ್ದುದರಿಂದ, ಉತ್ತರಪ್ರದೇಶದ ಮಟ್ಟಿಗೆ ಎದುರಾಳಿಯ ನೋಂದಣಿ ಉಳಿದುಕೊಂಡಿತು. ತಡಮಾಡಿದವರ ಹಕ್ಕು ಕುಗ್ಗುತ್ತದೆ.

ಅರ್ಜಿಯ ಕ್ರಮ ಮತ್ತು ಶುಲ್ಕ

ಮೊದಲು ಹುಡುಕಾಟ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಈಗಾಗಲೇ ನೋಂದಣಿಯಾದ ಹಾಗೂ ಅರ್ಜಿ ಸಲ್ಲಿಕೆಯಾದ ಹೆಸರುಗಳನ್ನು ಉಚಿತವಾಗಿ ನೋಡಬಹುದು. ಅಕ್ಷರದ ಹೋಲಿಕೆಯ ಜೊತೆಗೆ ಉಚ್ಚಾರಣೆಯ ಹೋಲಿಕೆಯನ್ನೂ ಹುಡುಕಿರಿ. ಪೊಟ್ಟಣಗಳನ್ನು ಮುದ್ರಿಸುವ ಮೊದಲೇ ಈ ಕೆಲಸ ಆಗಬೇಕು.

ನಂತರ ವರ್ಗದ ಆಯ್ಕೆ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದೆ. 1ರಿಂದ 34 ಸರಕುಗಳಿಗೆ, 35ರಿಂದ 45 ಸೇವೆಗಳಿಗೆ. ಖಾದ್ಯ ತೈಲ, ಹಾಲಿನ ಉತ್ಪನ್ನ 29ನೇ ವರ್ಗ, ಕಾಫಿ, ಹಿಟ್ಟು, ಮಸಾಲೆ ಪುಡಿ 30, ಬಟ್ಟೆ 24, ಸಿದ್ಧ ಉಡುಪು, ಪಾದರಕ್ಷೆ 25, ಆಭರಣ 14, ಹೋಟೆಲ್ 43, ಚಿಲ್ಲರೆ ಮಾರಾಟದ ಅಂಗಡಿಯ ಹೆಸರಿಗೆ 35. ಅಂಗಡಿಯನ್ನೂ ನಡೆಸಿ, ಸ್ವಂತ ಪೊಟ್ಟಣದಲ್ಲಿ ಮಾಲನ್ನೂ ಮಾರುವವರು ಎರಡೂ ವರ್ಗಗಳನ್ನು ಪರಿಶೀಲಿಸಬೇಕಾಗುತ್ತದೆ.

2017ರ ನಿಯಮಗಳ ಪ್ರಕಾರ ವ್ಯಕ್ತಿಗಳು, ಸ್ಟಾರ್ಟ್‌ಅಪ್ ಮತ್ತು ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಪ್ರತಿ ವರ್ಗಕ್ಕೆ ರೂ. 4,500. ಉಳಿದವರಿಗೆ ರೂ. 9,000. ಕಾಗದದ ಮೂಲಕ ಸಲ್ಲಿಸಿದರೆ ಕ್ರಮವಾಗಿ ರೂ. 5,000 ಮತ್ತು ರೂ. 10,000. ಪಾಲುದಾರಿಕೆ ಸಂಸ್ಥೆಗಳೂ ಸಣ್ಣ ಕಂಪನಿಗಳೂ ಉದ್ಯಮ್ ಪ್ರಮಾಣಪತ್ರವನ್ನು ಲಗತ್ತಿಸಿದರೆ ಅರ್ಧ ಶುಲ್ಕದ ರಿಯಾಯಿತಿ ಪಡೆಯಬಹುದು. ಅರ್ಜಿಯ ನಮೂನೆ ಟಿಎಂ-ಎ. ಕರ್ನಾಟಕದವರಿಗೆ ಚೆನ್ನೈನಲ್ಲಿರುವ ಕಚೇರಿಯ ವ್ಯಾಪ್ತಿ ಅನ್ವಯಿಸುತ್ತದೆ. ಆದರೆ ಆನ್‌ಲೈನ್ ಸಲ್ಲಿಕೆಯಿಂದಾಗಿ ಅಲ್ಲಿಗೆ ಹೋಗಬೇಕಾದ ಪ್ರಮೇಯ ಕಡಿಮೆ.

ಅರ್ಜಿಯಲ್ಲಿ ಎರಡು ಸಂಗತಿಗಳನ್ನು ಎಚ್ಚರಿಕೆಯಿಂದ ತುಂಬಬೇಕು. ಒಂದು, ಬಳಕೆಯ ದಿನಾಂಕ. ಇನ್ನೂ ಬಳಸದಿದ್ದರೆ ಹಾಗೆಂದೇ ನಮೂದಿಸಬೇಕು. ಹಿಂದಿನಿಂದ ಬಳಸುತ್ತಿದ್ದರೆ ಪ್ರಮಾಣಿತ ಹೇಳಿಕೆಯೊಡನೆ ದಾಖಲೆಗಳನ್ನು ಲಗತ್ತಿಸಬೇಕು. ಗುಮಾಸ್ತರ ಅಜಾಗರೂಕತೆಯಿಂದ ಇಪ್ಪತ್ತು ವರ್ಷ ಹಳೆಯ ಹೆಸರು 'ಇನ್ನೂ ಬಳಸಿಲ್ಲ' ಎಂದು ದಾಖಲಾದುದನ್ನು ನಾನು ನೋಡಿದ್ದೇನೆ. ಎರಡು, ಲಿಪಿ. ಹೆಸರು ಕನ್ನಡ ಲಿಪಿಯಲ್ಲಿದ್ದರೆ ಅದರ ಲಿಪ್ಯಂತರ ಮತ್ತು ಅರ್ಥವನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕೊಡಬೇಕು. ನಾಮಫಲಕದಲ್ಲಿ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ವಿಧಿಸಿರುವುದರಿಂದ, ಫಲಕದಲ್ಲಿ ಪ್ರಧಾನವಾಗಿ ಕಾಣುವ ಕನ್ನಡ ರೂಪಕ್ಕೂ ಅರ್ಜಿ ಸಲ್ಲಿಸುವ ಬಗ್ಗೆ ಯೋಚಿಸುವುದು ಒಳ್ಳೆಯದು.

ಅರ್ಜಿಯ ನಂತರ ಪರೀಕ್ಷಾ ವರದಿ ಬರುತ್ತದೆ. ಆಕ್ಷೇಪಣೆಗಳಿದ್ದರೆ ವರದಿ ತಲುಪಿದ ಒಂದು ತಿಂಗಳೊಳಗೆ ಉತ್ತರಿಸಬೇಕು. ಅಂಗೀಕಾರವಾದ ಹೆಸರು ವಾರಕ್ಕೊಮ್ಮೆ ಹೊರಬರುವ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಪ್ರಕಟಣೆಯ 4 ತಿಂಗಳೊಳಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ವಿರೋಧದ ಪ್ರತಿ ತಲುಪಿದ 2 ತಿಂಗಳೊಳಗೆ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಭಾವಿಸಲಾಗುತ್ತದೆ. ಈ ಎರಡು ಗಡುವುಗಳನ್ನು ತಪ್ಪಿಸಿಕೊಂಡು ಅರ್ಜಿ ಕಳೆದುಕೊಳ್ಳುವವರೇ ಹೆಚ್ಚು. ಅರ್ಜಿಯಲ್ಲಿ ಕೊಡುವ ಇ-ಮೇಲ್ ವಿಳಾಸ ನಿಮ್ಮದೇ ಆಗಿರಲಿ, ಅದನ್ನು ಆಗಾಗ ತೆರೆದು ನೋಡುತ್ತಿರಿ.

ನೋಂದಣಿಯಾದರೆ ಅದು ಅರ್ಜಿಯ ದಿನಾಂಕದಿಂದಲೇ 10 ವರ್ಷಗಳಿಗೆ ಊರ್ಜಿತ. ನಂತರ ಹತ್ತು ಹತ್ತು ವರ್ಷಕ್ಕೆ ಎಷ್ಟು ಬಾರಿ ಬೇಕಾದರೂ ನವೀಕರಿಸಬಹುದು. ಆನ್‌ಲೈನ್ ನವೀಕರಣ ಶುಲ್ಕ ಪ್ರತಿ ವರ್ಗಕ್ಕೆ ರೂ. 9,000.

ಹೆಸರು ಯಾರ ಹೆಸರಿನಲ್ಲಿ?

ಕುಟುಂಬದ ವ್ಯಾಪಾರಗಳಲ್ಲಿ ಹೊರಗಿನವರಿಗಿಂತ ಒಳಗಿನವರಿಂದಲೇ ಹೆಸರಿನ ತಕರಾರು ಹೆಚ್ಚು. ಅಣ್ಣ-ತಮ್ಮಂದಿರು ಬೇರೆಯಾದಾಗ ಅಂಗಡಿ, ಗೋದಾಮು, ಲಾರಿ ಎಲ್ಲವನ್ನೂ ಪಾಲು ಪತ್ರದಲ್ಲಿ ಬರೆಯುತ್ತಾರೆ; ತಂದೆಯ ಕಾಲದ ಹೆಸರನ್ನು ಮಾತ್ರ ಬರೆಯುವುದಿಲ್ಲ. ಮರುದಿನ ಎರಡೂ ಅಂಗಡಿಗಳ ಮೇಲೆ ಒಂದೇ ಫಲಕ ಕಾಣಿಸುತ್ತದೆ.

ಪಾಲುದಾರಿಕೆ ಕಾಯ್ದೆಯ ಕಲಂ 14ರ ಪ್ರಕಾರ ಸಂಸ್ಥೆಯ ಗುಡ್‌ವಿಲ್ ಸಂಸ್ಥೆಯ ಆಸ್ತಿ. ಕಲಂ 36ರ ಪ್ರಕಾರ ಹೊರಹೋದ ಪಾಲುದಾರರು ಅದೇ ವ್ಯಾಪಾರವನ್ನು ನಡೆಸಬಹುದು; ಆದರೆ ಬೇರೆ ಒಪ್ಪಂದವಿಲ್ಲದಿದ್ದರೆ ಸಂಸ್ಥೆಯ ಹೆಸರನ್ನು ಬಳಸುವಂತಿಲ್ಲ. ಪಾಲುದಾರಿಕೆ ಪತ್ರದಲ್ಲಿ ಹೆಸರು ಮತ್ತು ಟ್ರೇಡ್‌ಮಾರ್ಕ್ ಯಾರ ಆಸ್ತಿ, ನಿವೃತ್ತಿ ಅಥವಾ ಮರಣದ ಸಂದರ್ಭದಲ್ಲಿ ಅದು ಯಾರಿಗೆ ಉಳಿಯುತ್ತದೆ ಎಂಬ ಒಂದು ಪ್ಯಾರಾ ಸೇರಿಸಿದರೆ ಮುಂದಿನ ವ್ಯಾಜ್ಯ ತಪ್ಪುತ್ತದೆ. ಒಬ್ಬ ಪಾಲುದಾರರ ವೈಯಕ್ತಿಕ ಹೆಸರಿನಲ್ಲಿ ನೋಂದಣಿ ಮಾಡಿಸಿ ಸಂಸ್ಥೆಯ ಖಾತೆಯಿಂದ ಶುಲ್ಕ ಕಟ್ಟುವುದು ಜಗಳಕ್ಕೆ ಕೊಟ್ಟ ಆಹ್ವಾನ.

ನಡೆಯುತ್ತಿರುವ ವ್ಯಾಪಾರವನ್ನು ಕೊಳ್ಳುವವರಿಗೆ ತೆರಿಗೆಯ ದೃಷ್ಟಿಯಿಂದ ಒಂದು ಮಾತು. ಗುಡ್‌ವಿಲ್ ಮೇಲಿನ ಸವಕಳಿಯನ್ನು 2020-21ನೇ ಹಣಕಾಸು ವರ್ಷದಿಂದ ತೆಗೆದುಹಾಕಲಾಗಿದೆ. ಟ್ರೇಡ್‌ಮಾರ್ಕ್‌ಗೆ ಅದು ಉಳಿದಿದೆ. ಆದ್ದರಿಂದ ಖರೀದಿ ಪತ್ರದಲ್ಲಿ ಟ್ರೇಡ್‌ಮಾರ್ಕಿನ ಬೆಲೆಯನ್ನು, ಅದು ವಾಸ್ತವವಾದ ಬೆಲೆಯಾಗಿದ್ದರೆ, ಪ್ರತ್ಯೇಕವಾಗಿ ನಮೂದಿಸಿರಿ.

ಸಾಮಾನ್ಯ ಸಂದೇಹಗಳು

ಬ್ರ್ಯಾಂಡ್ ನೋಂದಾಯಿಸಿದರೆ ಜಿಎಸ್‌ಟಿ ಹೆಚ್ಚಾಗುತ್ತದೆಯೇ?
ಅಕ್ಕಿ, ಬೇಳೆ, ಹಿಟ್ಟಿನ ಗಿರಣಿಯವರಲ್ಲಿ ಈ ಭಯ ಇನ್ನೂ ಇದೆ. ಅದಕ್ಕೆ ಕಾರಣವೂ ಇತ್ತು. 1-7-2017ರಿಂದ ಈ ಪದಾರ್ಥಗಳು ನೋಂದಾಯಿತ ಬ್ರ್ಯಾಂಡ್ ಹೆಸರಿನ ಪೊಟ್ಟಣದಲ್ಲಿದ್ದರೆ ಶೇ. 5 ತೆರಿಗೆ, ಇಲ್ಲವಾದರೆ ವಿನಾಯಿತಿ ಇತ್ತು. ತೆರಿಗೆ ತಪ್ಪಿಸಲು ಕೆಲವರು ನೋಂದಣಿಯನ್ನೇ ರದ್ದುಪಡಿಸಿಕೊಳ್ಳಲು ಮುಂದಾದರು. 15-5-2017ರಂದು ನೋಂದಣಿಯಲ್ಲಿದ್ದ ಬ್ರ್ಯಾಂಡನ್ನು ಆಮೇಲೆ ರದ್ದುಪಡಿಸಿದರೂ ನೋಂದಾಯಿತವೆಂದೇ ಪರಿಗಣಿಸಲಾಗುವುದೆಂದು ಸರ್ಕಾರ ಅದೇ ಸೆಪ್ಟೆಂಬರಿನಲ್ಲಿ ಆದೇಶಿಸಿತು. 18-7-2022ರಿಂದ ಬ್ರ್ಯಾಂಡ್ ಎಂಬ ಅಳತೆಗೋಲನ್ನೇ ಕೈಬಿಟ್ಟು, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಸರಕೇ ಎಂಬುದನ್ನು ಅಳತೆಗೋಲಾಗಿ ಮಾಡಲಾಗಿದೆ. ಆದ್ದರಿಂದ ನೋಂದಣಿ ಮಾಡಿಸಿದ ಕಾರಣಕ್ಕೆ ತೆರಿಗೆ ಹೆಚ್ಚಾಗುವುದಿಲ್ಲ.

ಅರ್ಜಿ ಸಲ್ಲಿಸಿದೊಡನೆ ವೃತ್ತದೊಳಗಿನ 'ಆರ್' ಚಿಹ್ನೆಯನ್ನು ಹಾಕಬಹುದೇ?
ಕೂಡದು. ನೋಂದಣಿಯಾಗುವವರೆಗೆ 'ಟಿಎಂ' ಎಂದಷ್ಟೇ ಹಾಕಬಹುದು. ನೋಂದಣಿಯಾಗದ ಹೆಸರನ್ನು ನೋಂದಾಯಿತವೆಂದು ತೋರಿಸಿದರೆ ಕಲಂ 107ರಂತೆ ದಂಡನೆಗೆ ಗುರಿಯಾಗಬೇಕಾಗುತ್ತದೆ.

ನನ್ನ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವುದನ್ನು ಯಾರಾದರೂ ತಡೆಯಬಹುದೇ?
ಪ್ರಾಮಾಣಿಕವಾಗಿ ಸ್ವಂತ ಹೆಸರನ್ನು ಬಳಸುವವರಿಗೆ ಕಲಂ 35ರ ರಕ್ಷಣೆ ಇದೆ. ಇನ್ನೊಬ್ಬರ ಖ್ಯಾತಿಯನ್ನು ಬಳಸಿಕೊಳ್ಳುವ ಉದ್ದೇಶ ಕಂಡುಬಂದರೆ ಆ ರಕ್ಷಣೆ ನಿಲ್ಲುವುದಿಲ್ಲ.

ನೋಂದಾಯಿಸಿ ಸುಮ್ಮನೆ ಇಟ್ಟುಕೊಂಡರೆ?
5 ವರ್ಷ ಮತ್ತು 3 ತಿಂಗಳ ಕಾಲ ನಿರಂತರವಾಗಿ ಬಳಸದ ಹೆಸರನ್ನು, ಬಾಧಿತರು ಅರ್ಜಿ ಸಲ್ಲಿಸಿದರೆ, ಕಲಂ 47ರಂತೆ ರಿಜಿಸ್ಟರಿನಿಂದ ತೆಗೆದುಹಾಕಬಹುದು.

ಅರ್ಜಿಯನ್ನು ಲೆಕ್ಕಪರಿಶೋಧಕರೇ ಸಲ್ಲಿಸಬಹುದೇ?
ಅರ್ಜಿದಾರರು ಸ್ವತಃ ಸಲ್ಲಿಸಬಹುದು. ಅವರ ಪರವಾಗಿ ವಕೀಲರು ಅಥವಾ ನೋಂದಾಯಿತ ಟ್ರೇಡ್‌ಮಾರ್ಕ್ ಏಜೆಂಟರು ಸಲ್ಲಿಸಬೇಕು. ಬಳಕೆಯ ದಾಖಲೆಗಳನ್ನು ಸಿದ್ಧಪಡಿಸುವುದು ನಮ್ಮ ಕೆಲಸ.

ಕೊನೆಯದಾಗಿ

ನನ್ನ ಕಕ್ಷಿದಾರರ ವಿಷಯ ಹೀಗೆ ಮುಗಿಯಿತು. ನಮ್ಮ ಕಚೇರಿಯ ಅಟ್ಟದಲ್ಲಿ ಮಾರಾಟ ತೆರಿಗೆ ಕಾಲದ ಎರಡು ತೆರಿಗೆ ನಿರ್ಧರಣಾ ಆದೇಶಗಳ ಪ್ರತಿಗಳು ದೊರೆತವು. ಅವುಗಳಲ್ಲಿ ಸಂಸ್ಥೆಯ ಹೆಸರಿತ್ತು, ಪುಡಿಯ ಹೆಸರಿರಲಿಲ್ಲ. ಹೋಬಳಿ ಕೇಂದ್ರದ ಕಿರಾಣಿ ವ್ಯಾಪಾರಿಯೊಬ್ಬರು ತಂತಿಗೆ ಚುಚ್ಚಿಟ್ಟಿದ್ದ ಹಳೆಯ ಬಿಲ್ಲುಗಳಲ್ಲಿ 2001ನೇ ಇಸವಿಯ ನಾಲ್ಕು ಬಿಲ್ಲುಗಳು ಸಿಕ್ಕವು. ಅವುಗಳಲ್ಲಿ ಪುಡಿಯ ಹೆಸರೂ ಇತ್ತು. ಅಷ್ಟರ ಬಲದ ಮೇಲೆ ವಕೀಲರು ಉತ್ತರ ಕಳುಹಿಸಿದರು. ಎರಡೂ ಕಡೆಯವರು ಕುಳಿತು ಮಾತನಾಡಿ ರಾಜಿಯಾದರು. ನನ್ನ ಕಕ್ಷಿದಾರರು ಹೆಸರಿನ ಹಿಂದೆ ತಮ್ಮ ಊರಿನ ಹೆಸರನ್ನು ಸೇರಿಸಿಕೊಂಡು ತಮ್ಮ ಮೂರು ಜಿಲ್ಲೆಗಳಲ್ಲಿ ವ್ಯಾಪಾರ ಮುಂದುವರಿಸಿದ್ದಾರೆ. ಮುದ್ರಿಸಿಟ್ಟಿದ್ದ ಪೊಟ್ಟಣಗಳೆಲ್ಲ ವ್ಯರ್ಥವಾದವು. ಬೆಂಗಳೂರಿನಲ್ಲಿಯೂ ಆನ್‌ಲೈನ್‌ನಲ್ಲಿಯೂ ಆ ಹೆಸರಿನಲ್ಲಿ ಮಾರುವಂತಿಲ್ಲ. ಅವರ ಮಗ ಓದು ಮುಗಿಸಿ ಬಂದು ವ್ಯಾಪಾರವನ್ನು ವಿಸ್ತರಿಸಬೇಕೆಂದಿದ್ದ. ಅವನೀಗ ಹೊಸ ಹೆಸರೊಂದನ್ನು ಹುಡುಕಿ, ಮೊದಲು ಅದಕ್ಕೆ ಅರ್ಜಿ ಸಲ್ಲಿಸಿ, ಆಮೇಲೆ ಪೊಟ್ಟಣಗಳನ್ನು ಮುದ್ರಿಸಿದ್ದಾನೆ. ತಂದೆ ಇಪ್ಪತ್ತು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಮಗನ ಉಪಯೋಗಕ್ಕೆ ಬರಲಿಲ್ಲ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಈ ತಿಂಗಳೊಳಗೆ ಮೂರು ಕೆಲಸಗಳನ್ನು ಮಾಡಿರಿ. ನಿಮ್ಮ ಹೆಸರು ಈಗಾಗಲೇ ಬೇರೆಯವರಲ್ಲಿದೆಯೇ ಎಂದು ರಿಜಿಸ್ಟ್ರಿಯ ಜಾಲತಾಣದಲ್ಲಿ ನೋಡಿರಿ. ನಿಮ್ಮಲ್ಲಿ ಉಳಿದಿರುವ ಅತ್ಯಂತ ಹಳೆಯ ಬಿಲ್ಲನ್ನು ಹುಡುಕಿ ಪ್ರತ್ಯೇಕವಾಗಿ ಇಡಿರಿ. ಹೆಸರು ಖಾಲಿ ಇದ್ದರೆ ಅರ್ಜಿ ಸಲ್ಲಿಸಿರಿ. ಹಳೆಯ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳುವಾಗ, ತೆರಿಗೆಯ ದೃಷ್ಟಿಯಿಂದ ಮಾತ್ರವಲ್ಲದೆ ಹೆಸರಿನ ದೃಷ್ಟಿಯಿಂದಲೂ ಕೇಳಿರಿ.